ಹ್ಯಾನಾಳ ಗಾಡಿ ಹಿಂದಕ್ಕೆ ತಿರುಗಿದ್ದು

ಎಪ್ಪತ್ತೆಂಟನೇ ವಯಸ್ಸಿಗೆ ಸುಶೀಲಮ್ಮನವರ ಕಣ್ಣು ಕೈಕೊಟ್ಟಿತ್ತು. ಕಿವಿ ಮಾತ್ರ ಇಡೀ ಬೀದಿಗೆ ಸಾಲುವಷ್ಟಿತ್ತು. ಮೈಸೂರಿನಲ್ಲಿದ್ದಾಗ ಸರ್ಕ್ಯುಲೇಟಿಂಗ್ ಲೈಬ್ರರಿಯ ಕಾದಂಬರಿಗಳನ್ನು ವಾರಕ್ಕೆ ಮೂರರಂತೆ ಮುಗಿಸುತ್ತಿದ್ದ ಹೆಂಗಸು; ನೈರೋಬಿಗೆ ಮಗನ ಮನೆಗೆ ಬಂದು ಹದಿನೈದು ವರ್ಷವಾದರೂ ಆ ಚಟ ಹೋಗಿರಲಿಲ್ಲ. ನೋಟದ ನಡುಮಧ್ಯೆ ಮಸಿ ಕವಿದು ಅಕ್ಷರ ಕಾಣದಂತಾದ ಮೇಲೆ ಓದಿ ಹೇಳುವ ಕೆಲಸ ಸೊಸೆ ಭಾರ್ಗವಿಯ ಪಾಲಿಗೆ ಬಂತು. ರಿವರ್‌ಸೈಡಿನ ಆ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿದ್ದ ಕನ್ನಡ ಪುಸ್ತಕಗಳೆಲ್ಲ ಮೂರು ಮೂರು ಸಲ ಮುಗಿದವು. ನಾಲ್ಕನೇ ಸುತ್ತು ಶುರುವಾದಾಗ ಮುದುಕಿ ಹಟ ಹಿಡಿದರು.

"ಇದ್ರಲ್ಲಿ ಯಾರು ಸಾಯ್ತಾರೆ, ಯಾರು ಅಳ್ತಾರೆ ಎಲ್ಲಾ ಬಾಯಿಪಾಠ ಆಗಿದೆ ಕಣೇ. ಹೊಸದೇನಾದ್ರೂ ತಾ."

ಭಾರ್ಗವಿ ಊರಾಚೆಯ ಕರೆನ್ ಬಡಾವಣೆಯ ಒಂದು ಶಾಲೆಯಲ್ಲಿ ಲೈಬ್ರೇರಿಯನ್. ದೇಶ ಬಿಟ್ಟು ಹೊರಟಿದ್ದ ಯಾರೋ ಪೋಷಕರು ಲೈಬ್ರರಿಗೆ ಕೊಟ್ಟುಹೋದ ಪೆಟ್ಟಿಗೆಯಲ್ಲಿ ಅವಳಿಗೊಂದು ದಪ್ಪನೆಯ ಇಂಗ್ಲಿಷ್ ಕಾದಂಬರಿ ಸಿಕ್ಕಿತು. ಮಕ್ಕಳ ಕೈಗೆ ಕೊಡುವಂಥದ್ದಲ್ಲ ಎಂದು ಮುಖಪುಟವೇ ಹೇಳುತ್ತಿತ್ತು. ಬಿಳಿ ಬಟ್ಟೆಯ ಕಮಾನು ಹೊದಿಸಿದ ಒಂದು ಎತ್ತಿನಗಾಡಿ. ಅದರ ಮುಂದೆ ಒಂದು ಗಂಡು, ಒಂದು ಹೆಣ್ಣು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದ ರೀತಿ ನೋಡಿದರೆ ಆ ಗಾಡಿ ಸದ್ಯಕ್ಕಂತೂ ಹೊರಡುವ ಲಕ್ಷಣವಿರಲಿಲ್ಲ. ಅತ್ತೆಗೆ ಕಾಣುವುದಿಲ್ಲವೆಂದು ಗೊತ್ತಿದ್ದೂ ಭಾರ್ಗವಿ ಅದಕ್ಕೆ ಕಂದು ಕಾಗದದ ಬೈಂಡ್ ಹಾಕಿ ಮನೆಗೆ ತಂದಳು.

ದಿನಾ ಸಂಜೆ ಐದಕ್ಕೆ ಕಾಫಿ ಲೋಟ ಕೆಳಗಿಟ್ಟ ಕೂಡಲೇ ಓದು. ಭಾರ್ಗವಿ ಇಂಗ್ಲಿಷಿನ ನಾಲ್ಕು ಸಾಲನ್ನು ಮನಸ್ಸಿನಲ್ಲೇ ಓದಿಕೊಂಡು ಬಾಯಲ್ಲಿ ಕನ್ನಡ ಹೇಳಬೇಕು. ಸುಶೀಲಮ್ಮನವರಿಗೆ ಇದು ಬಲು ಇಷ್ಟವಾಯಿತು. "ನಮ್ಮ ಕಡೆ ಪುರಾಣ ಅಂದ್ರೆ ಒಬ್ಬರು ಓದೋರು, ಇನ್ನೊಬ್ಬರು ಅರ್ಥ ಹೇಳೋರು. ನೀನು ಎರಡೂ ಒಬ್ಬಳೇ ಮಾಡ್ತಿದ್ದೀಯ. ಮುಗಿದ ದಿನ ಮಂಗಳ ಮಾಡೋಣ. ಪಾಯಸ ಮಾಡಿ, ಓದಿದವರಿಗೆ ತಾಂಬೂಲ ಕೊಟ್ಟು ಎಬ್ಬಿಸೋದು ಪದ್ಧತಿ," ಎಂದರು. ಮುತ್ತು ಕೊಡುವ ಜಾಗಗಳಲ್ಲಿ ಭಾರ್ಗವಿ ಎರಡೆರಡು ಪುಟ ಹಾರಿಸುತ್ತಿದ್ದಳು ಎಂಬುದು ಬೇರೆ ಮಾತು.

ಕತೆ ನೂರೆಪ್ಪತ್ತು ವರ್ಷಕ್ಕೂ ಹಿಂದಿನದು. ಅಮೆರಿಕದ ಮಿಸ್ಸೌರಿಯಿಂದ ಪಡುವಣ ತೀರಕ್ಕೆ ಎರಡು ಸಾವಿರ ಮೈಲಿ. ನಲವತ್ತು ಗಾಡಿಗಳು ಒಂದರ ಹಿಂದೊಂದು. ಅದರಲ್ಲೊಂದು ಹ್ಯಾನಾ ಮತ್ತು ಅವಳ ಗಂಡ ಜೋಸೆಫನದು. ಗಾಡಿಯ ತುಂಬ ಹಿಟ್ಟು, ಹಾರೆ, ಬಿತ್ತನೆ ಬೀಜ. ಮನುಷ್ಯರೆಲ್ಲ ಎತ್ತಿನ ಎಡಗಡೆ ನಡೆದುಕೊಂಡೇ ಹೋಗಬೇಕು. ಚಕ್ರ ಮುರಿದರೆ ಸರಿಮಾಡಲು ಸೈಲಸ್ ಎಂಬ ಬಡಗಿ ಜೊತೆಗಿದ್ದ. ಸುಶೀಲಮ್ಮ ಮೊದಲ ದಿನವೇ ಅವನಿಗೆ ಶೈಲೇಶ ಎಂದು ನಾಮಕರಣ ಮಾಡಿದರು. ಹದಿನೈದು ವರ್ಷದ ಮೊಮ್ಮಗಳು ನೇಹಾ ತನ್ನ ಕೋಣೆಯಿಂದಲೇ, "ಅಜ್ಜಿ, that's so wrong!" ಎಂದು ಕೂಗಿದಳು.

"ನಿನಗೇನು ಗೊತ್ತು, ಕೆಲಸಗಾರ ಹುಡುಗ. ಶೈಲೇಶನೇ," ಎಂದರು ಅಜ್ಜಿ.

ನೂರ ಎಂಬತ್ತನೇ ಪುಟದಲ್ಲಿ ಜೋಸೆಫ್ ಕಾಲರಾ ಬಂದು ಸತ್ತ. ಬೆಳಿಗ್ಗೆ ವಾಂತಿ, ಸಂಜೆಗೆ ಇಲ್ಲ. ಗಾಡಿಗಳು ಒಂದು ದಿನ ಮಾತ್ರ ನಿಂತವು. ಬೆಟ್ಟದಲ್ಲಿ ಹಿಮ ಬೀಳುವುದರೊಳಗೆ ದಾಟದಿದ್ದರೆ ಎಲ್ಲರದೂ ಅದೇ ಗತಿ. ಅವನನ್ನು ದಾರಿಯ ನಡುವೆಯೇ ಹೂತರು. ತೋಳಗಳು ಅಗೆಯಬಾರದು, ಗುರುತು ಸಿಗಬಾರದು ಎಂದು ಆ ಮಣ್ಣಿನ ಮೇಲೆ ಅಷ್ಟೂ ಗಾಡಿಗಳನ್ನು ಓಡಿಸಿದರು. ಎಲ್ಲಕ್ಕಿಂತ ಮೊದಲನೆಯದು ಹ್ಯಾನಾಳದೇ ಗಾಡಿ. ಎತ್ತಿನ ಪಕ್ಕ ನಡೆದು ಅವಳೇ ಹೊಡೆದುಕೊಂಡು ಹೋದಳು.

"ಇನ್ನೊಂದ್ಸಲ ಓದು," ಎಂದರು ಸುಶೀಲಮ್ಮ. ಭಾರ್ಗವಿ ಓದಿದಳು. ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡು, "ಆ ಹುಡುಗನಿಗೆ ತಾಯಿ ಇರಲಿಲ್ಲವಾ?" ಎಂದು ಕೇಳಿದರು.

"ಮಿಸ್ಸೌರಿಯಲ್ಲೇ ಉಳಿದಿದ್ದಾಳೆ."

"ಪಾಪ, ಅವಳಿಗೆ ಯಾರು ಹೇಳ್ತಾರೆ?"

ಅವತ್ತು ಓದು ಅಲ್ಲಿಗೇ ನಿಂತಿತು. ಭಾರ್ಗವಿಯ ಗಂಡ ಅನಂತ್ ಯೂನಿವರ್ಸಿಟಿಯಲ್ಲಿ ಪಾಠ ಮಾಡುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದು ಮೂರು ವರ್ಷವಾಗಿತ್ತು. ಅವನಿಗೆ ಆಗ ನಲವತ್ತಾರು. ಸುದ್ದಿಯನ್ನು ತಾಯಿಗೆ ಹೇಳಿದವಳು ಭಾರ್ಗವಿಯೇ, ಇದೇ ಸೋಫಾದ ಮೇಲೆ.

ಇನ್ನು ಹಿಲರಿಯ ವಿಷಯ. ಅದನ್ನು ಮುಚ್ಚಿಟ್ಟಿದ್ದು ಭಾರ್ಗವಿ, ನಾವೇಕೆ ಮುಚ್ಚಿಡಬೇಕು. ಮೂಡುಬಿದಿರೆ ಕಡೆಯ ಕ್ರಿಶ್ಚಿಯನ್ನರ ಮನೆಯವನು, ಐವತ್ತರ ಹತ್ತಿರ, ಅವಳ ಶಾಲೆಯಲ್ಲೇ ಫಿಸಿಕ್ಸ್ ಮೇಷ್ಟ್ರು. ಹೆಂಡತಿ ತೀರಿಕೊಂಡು ಏಳು ವರ್ಷ. ಅನಂತ್ ಹೋದ ಮೇಲೆ ಭಾರ್ಗವಿ ಕಾರು ಓಡಿಸುವುದನ್ನೇ ಬಿಟ್ಟಿದ್ದಳು. ಎರಡು ಮಟಾಟು ವ್ಯಾನು ಬದಲಾಯಿಸಿ ಕರೆನ್ ತಲುಪುವ ಹೊತ್ತಿಗೆ ಮೊದಲ ಪೀರಿಯಡ್ ಮುಗಿದಿರುತ್ತಿತ್ತು. "ನಾನು ನಿಮ್ಮ ಗೇಟಿನ ಎದುರಿಂದಲೇ ಹೋಗುವುದು ಮಾರಾಯ್ರೆ, ಸೀಟು ಖಾಲಿ ಉಂಟು," ಎಂದಿದ್ದ ಹಿಲರಿ. ಅವನ ಮನೆ ವೆಸ್ಟ್‌ಲ್ಯಾಂಡ್ಸ್‌ನ ಆಚೆ ತುದಿಯಲ್ಲಿತ್ತು, ಈ ಗೇಟು ಅವನ ದಾರಿಯೇ ಅಲ್ಲ ಎಂದು ಅವಳಿಗೆ ತಿಳಿದದ್ದು ಒಂದು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಸ್ಟೀಲ್ ಡಬ್ಬಿಗಳ ಓಡಾಟ ಶುರುವಾಗಿತ್ತು. ಇವಳು ಚಿತ್ರಾನ್ನ ಹಾಕಿ ಕೊಟ್ಟರೆ ಅವನು ಡಬ್ಬಿ ತೊಳೆದು, ಬರಿದಾಗಿ ಕೊಡಬಾರದೆಂದು ಹಿತ್ತಲ ಪಪ್ಪಾಯಿಯನ್ನೋ ನಾಲ್ಕು ಕರಿಬೇವಿನ ಎಸಳನ್ನೋ ಹಾಕಿ ತರುತ್ತಿದ್ದ.

ನವೆಂಬರಿನ ಒಂದು ಬೆಳಿಗ್ಗೆ, ನ್ಗಾಂಗ್ ರಸ್ತೆಯ ಟ್ರಾಫಿಕ್ ಅಲುಗಾಡದೆ ನಿಂತಿದ್ದಾಗ, ಅವನು ಮುಂದಿನ ಲಾರಿಯನ್ನೇ ನೋಡುತ್ತ ಹೇಳಿದ. "ಕಿಸುಮುವಿನ ಶಾಲೆಯವರು ಕರೆದಿದ್ದಾರೆ, ಜನವರಿಯಿಂದ. ಇನ್ನು ಎರಡು ವಾರ ಉಂಟು, ಆ ಸೋಮವಾರದ ಒಳಗೆ ಉತ್ತರ ಹೇಳಬೇಕು. ನೀವು ಇರಿ ಅಂದರೆ ನಾನು ಅಷ್ಟು ದೂರದ ಊರಿಗೆ ಹೋಗುವುದಿಲ್ಲ. ಬರೀ ಇರುವುದಲ್ಲ. ಮದುವೆಯಾಗಿ ಇರುವ ಅಂತ ನನ್ನ ಆಸೆ."

ಭಾರ್ಗವಿಗೆ ಆ ಕ್ಷಣವೇ ಹೂಂ ಎನ್ನಬೇಕೆನಿಸಿತು. ಅವಳಿಗೆ ಅವನೆಂದರೆ ಪ್ರೀತಿ. ಅದನ್ನು ತನಗೆ ತಾನೇ ಒಪ್ಪಿಕೊಂಡು ಎಷ್ಟೋ ತಿಂಗಳಾಗಿತ್ತು. ಆದರೆ ಕಣ್ಣ ಮುಂದೆ ಬಂದದ್ದು ಅತ್ತೆಯ ಮುಖ. ಒಬ್ಬನೇ ಮಗ. ಅವನ ಜಾಗದಲ್ಲಿ ಇನ್ನೊಬ್ಬ, ಅದೂ ಬೇರೆ ಜಾತಿ, ಬೇರೆ ದೇವರು, ಮೀನು ತಿನ್ನುವವನು. ಈ ಮುದುಕಿ ಎದೆ ಒಡೆದುಕೊಳ್ಳುತ್ತಾರೆ ಎಂದು ಅವಳಿಗೆ ಖಾತ್ರಿಯಾಗಿತ್ತು. "ಸ್ವಲ್ಪ ಟೈಮ್ ಕೊಡಿ," ಎಂದಳು. ಅವನು ಕೊಟ್ಟ.

ಮರುವಾರ ಪುಸ್ತಕ ಮುನ್ನೂರ ಹನ್ನೆರಡನೇ ಪುಟಕ್ಕೆ ಬಂತು. ಬೆಟ್ಟದ ಬುಡ, ಕೊನೆಯ ದೊಡ್ಡ ನದಿ. ಎತ್ತುಗಳಿಗೆ ನೀರು ಕುಡಿಸುತ್ತ ಸೈಲಸ್ ಹ್ಯಾನಾಳ ಕಡೆ ತಿರುಗಿದ. ಮುಂದಿನ ನಾಲ್ಕು ಸಾಲಿನಲ್ಲಿ ಅವನು ಎತ್ತಿದ್ದು ಮದುವೆಯ ಮಾತು. ಅದನ್ನು ಕಣ್ಣಲ್ಲಿ ಓದಿಕೊಂಡ ಭಾರ್ಗವಿ ತಲೆ ಎತ್ತಿದಳು. ಎದುರಿಗೆ ಸುಶೀಲಮ್ಮ ಕುತ್ತಿಗೆ ಚಾಚಿ ಕೂತಿದ್ದಾರೆ. ಅವರ ತಲೆಯ ಮೇಲೆ ಗೋಡೆಯಲ್ಲಿ ಅನಂತನ ಫೋಟೋ.

"ಆಮೇಲೆ?" ಎಂದರು ಅತ್ತೆ.

"ಆಮೇಲೆ... ಹ್ಯಾನಾ ಗಾಡಿ ಹಿಂದಕ್ಕೆ ತಿರುಗಿಸಿದಳು," ಎಂದುಬಿಟ್ಟಳು ಭಾರ್ಗವಿ. "ಅತ್ತೆ ಒಬ್ಬರೇ ಇದ್ದಾರೆ, ನಾನು ಅವರ ಹತ್ತಿರ ಹೋಗ್ತೀನಿ ಅಂದಳು."

ಒಂದು ಸುಳ್ಳು ಹೇಳಿದ ಮೇಲೆ ಸಾವಿರದ ಇನ್ನೂರು ಮೈಲಿ ಸುಳ್ಳು ಹೇಳಬೇಕಾಯಿತು. ಮೂರು ಸಂಜೆ ಅವಳು ತೊಡೆಯ ಮೇಲೆ ಪುಸ್ತಕ ತೆರೆದಿಟ್ಟುಕೊಂಡು ಹ್ಯಾನಾಳನ್ನು ಬಂದ ದಾರಿಯಲ್ಲೇ ನಡೆಸಿದಳು. ದಾಟಿದ ನದಿಗಳನ್ನೆಲ್ಲ ತಿರುಗಿ ದಾಟಿಸಿದಳು. ಒಂಟಿ ಹೆಂಗಸು, ಸೋತ ಎತ್ತು. ಆದರೂ ಒಂದು ಮುಳ್ಳೂ ಚುಚ್ಚದಂತೆ ನೋಡಿಕೊಂಡಳು. ಸೈಲಸ್‌ಗೆ ಏನಾಯಿತೆಂದು ಹೇಳಲೇ ಇಲ್ಲ. ಮಾತು ಮಾತಿಗೆ ಪ್ರಶ್ನೆ ಕೇಳುತ್ತಿದ್ದ ಸುಶೀಲಮ್ಮ ಆ ಮೂರು ದಿನವೂ ಬರೀ "ಹ್ಞೂಂ" ಎನ್ನುತ್ತಿದ್ದರು. ಅದು ಒಳ್ಳೆಯ ಲಕ್ಷಣವಲ್ಲವೆಂದು ಭಾರ್ಗವಿಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಶುಕ್ರವಾರ ಟರ್ಮ್ ಮುಗಿದು ಶಾಲೆ ಅರ್ಧ ದಿನಕ್ಕೇ ಬಿಟ್ಟಿತು. ಹಿಲರಿ ಭಾರ್ಗವಿಯನ್ನು ಗೇಟಿನ ಹತ್ತಿರ ಇಳಿಸಿದ. ಸೋಮವಾರಕ್ಕೆ ಮೂರೇ ದಿನ ಎಂದು ಇಬ್ಬರಿಗೂ ಗೊತ್ತಿತ್ತು. ಗೇಟಿನ ಕಾವಲುಗಾರ "ಕರಿಬು, ಮಾಮಾ ನೇಹಾ" ಎಂದು ಸ್ವಾಹಿಲಿಯಲ್ಲಿ ನೇಹಾಳ ಅಮ್ಮನನ್ನು ಸ್ವಾಗತಿಸಿ ಬಾಗಿಲು ತೆಗೆದ. "ಅಸಾಂಟೆ," ಎಂದು ಥ್ಯಾಂಕ್ಸ್ ಹೇಳಿ ಅವಳು ಮೆಟ್ಟಿಲು ಹತ್ತಿದಳು. ಮನೆಯ ಬಾಗಿಲು ಓರೆಯಾಗಿತ್ತು. ಒಳಗಿನಿಂದ ಕೇಳಿದ ದನಿ ಯಾರದೆಂದು ತಿಳಿಯಲು ಅವಳಿಗೆ ಕೊಂಚ ಹೊತ್ತು ಬೇಕಾಯಿತು. ನೇಹಾ ಕನ್ನಡ ಮಾತಾಡುತ್ತಿದ್ದಳು.

"ಅವಳು... wait ಅಜ್ಜಿ... ಅವಳು ಅವಳ ಪಾತ್ರೆ ತಗೊಂಡು ಹೋಗ್ತಾಳೆ. ಅವನ ಗಾಡಿಗೆ. ಅಲ್ಲಿ ಇಡ್ತಾಳೆ."

"ಯಾರ ಗಾಡಿಗೆ?"

"ಸೈಲಸ್ ಗಾಡಿ. ಶೈಲೇಶ, okay? ಅಷ್ಟೇ. ಅವಳು yes ಅಂತ ಹೇಳೋದೇ ಇಲ್ಲ. She just puts the kettle there. ಆಮೇಲೆ ಮದುವೆ."

"ಹಿಂದಕ್ಕೆ ಹೋಗಲ್ವಾ?"

"No, ಅಜ್ಜಿ. ಯಾರೂ ಹಿಂದಕ್ಕೆ ಹೋಗಲ್ಲ ಈ ಬುಕ್‌ನಲ್ಲಿ."

"ಮತ್ತೆ ನಿಮ್ಮಮ್ಮ ಯಾಕೆ ಅವಳನ್ನ ವಾಪಸ್ ಕಳಿಸಿದ್ಲು?"

"ನಿಮಗೋಸ್ಕರ ಅನ್ಸತ್ತೆ," ಎಂದಳು ನೇಹಾ ಮೆಲ್ಲಗೆ.

ಭಾರ್ಗವಿ ಕೆಳಗಿಳಿದು ಓಡಿಹೋಗಬೇಕೆಂದು ತಿರುಗಿದಳು. ಆದರೆ ಆ ಕಿವಿಯಿಂದ ತಪ್ಪಿಸಿಕೊಂಡವರುಂಟೆ?

"ಬಂದಾಯ್ತಲ್ಲ, ಚಪ್ಪಲಿ ಬಿಟ್ಟು ಒಳಗೆ ಬಾ," ಎಂದರು ಸುಶೀಲಮ್ಮ.

ಅವಳು ಬಂದು ತಪ್ಪು ಮಾಡಿದ ಮಗುವಿನಂತೆ ನಿಂತಳು. ಮುದುಕಿ ಮುಖ ಎತ್ತಲಿಲ್ಲ. "ಮೂರು ದಿನದಿಂದ ಹಾಳೆ ತಿರುವಿದ ಸದ್ದೇ ಇಲ್ಲ. ಒಂದೇ ಹಾಳೇಲಿ ಅಷ್ಟೊಂದು ನದಿ ಎಲ್ಲಿಂದ ಬಂತು? ಬೆಟ್ಟದ ಹತ್ತಿರ ಬಂದ ಮೇಲೆ ಒಂಟಿ ಗಾಡಿ ಹಿಂದಕ್ಕೆ ಹೋದ್ರೆ ಬದುಕಲ್ಲ ಅಂತ ನೀನೇ ಓದಿದ್ದೆ. ಕಣ್ಣು ಹೋಗಿದೆ ಕಣೇ, ಬುದ್ಧಿ ಹೋಗಿಲ್ಲ."

"ತಪ್ಪಾಯ್ತಮ್ಮ," ಎಂದಳು ಭಾರ್ಗವಿ. ಅಳು ಬಂತು. ಅತ್ತೂ ಬಿಟ್ಟಳು.

"ಕಾರಿನವನಾ?"

ಭಾರ್ಗವಿ ಬೆಚ್ಚಿದಳು.

"ಈ ನೈರೋಬಿಯಲ್ಲಿ ಹಾರ್ನ್ ಹೊಡೀದೆ ಕಾಯೋನು ಅವನೊಬ್ಬನೇ. ಮೂರನೇ ಮಹಡೀಲಿ ಕೂತು ದಿನಾ ಕೇಳಿಸ್ಕೊಂಡಿದ್ದೀನಿ. ಇಂಜಿನ್ ನಿಲ್ಲಿಸ್ತಾನೆ, ನೀನು ಹತ್ತಿದ ಮೇಲೆ ಶುರು ಮಾಡ್ತಾನೆ." ಸುಶೀಲಮ್ಮನವರ ದನಿ ಅಲ್ಲಿಯವರೆಗೆ ಗಟ್ಟಿಯಾಗಿತ್ತು, ಈಗ ಒಡೆಯಿತು. "ನನಗೆ ಸಿಟ್ಟು ಬಂದಿದೆ ಭಾರ್ಗವಿ. ನೀನು ಇನ್ನೊಬ್ಬನ್ನ ಇಷ್ಟಪಟ್ಟೆ ಅಂತಲೋ, ನನಗೆ ಹೆದರಿ ಸುಳ್ಳು ಓದಿದೆ ಅಂತಲೋ, ಇನ್ನೂ ಗೊತ್ತಾಗ್ತಿಲ್ಲ. ಇವತ್ತು ನನ್ನ ಏನೂ ಕೇಳಬೇಡ. ಭಾನುವಾರ ಮಂಗಳ. ಪುಸ್ತಕ ಇರೋ ಹಾಗೆ ಮುಗಿಸು. ಅವನನ್ನೂ ಬರಕ್ಕೆ ಹೇಳು."

ಶನಿವಾರವೆಲ್ಲ ಅತ್ತೆ ಕೋಣೆಯಿಂದ ಹೊರಗೆ ಬರಲಿಲ್ಲ. ಊಟದ ತಟ್ಟೆಯನ್ನು ನೇಹಾ ಒಯ್ದಳು, ಅರ್ಧ ಉಳಿದದ್ದನ್ನು ನೇಹಾ ತಂದಳು. "ಏನಾದ್ರೂ ಅಂದ್ರಾ?" ಎಂದು ಭಾರ್ಗವಿ ಕೇಳಿದರೆ, "ಅಪ್ಪನ ಹಳೇ ಕತೆ ಹೇಳ್ತಿದ್ರು. School stories. She laughed also," ಎಂದಳು. ಭಾರ್ಗವಿ ಮನಸ್ಸಿನಲ್ಲೇ ಹಿಲರಿಯನ್ನು ಕಿಸುಮುವಿಗೆ ಕಳಿಸಿಕೊಟ್ಟಾಗಿತ್ತು. ಅತ್ತೆ ಕರೆಸಿದ್ದು ಮರ್ಯಾದೆಯಾಗಿ ಎದುರಿಗೇ ಬೇಡ ಎನ್ನಲು. ಅಷ್ಟು ನೇರ ಹೆಂಗಸು ಅವರು.

ಭಾನುವಾರ ನಾಲ್ಕಕ್ಕೆ ಹಿಲರಿ ಚರ್ಚಿನ ಪೂಜೆ ಮುಗಿಸಿ, ಇಸ್ತ್ರಿ ಅಂಗಿ ಹಾಕಿಕೊಂಡು, ಹೋದ ವಾರದ ಡಬ್ಬಿಯಲ್ಲಿ ಪೇರಳೆ ಹಣ್ಣು ತುಂಬಿಕೊಂಡು ಬಂದ. ನೇಹಾ ಪುಟ್ಟ ಸ್ಟೂಲಿನ ಮೇಲೆ ಪುಸ್ತಕ ಇಟ್ಟಿದ್ದಳು. ಅಜ್ಜಿಯ ಅಪ್ಪಣೆಯಂತೆ ಅದಕ್ಕೆ ಎರಡು ಹೂ. ಕಂದು ಕಾಗದ ಕಳಚಿಹೋಗಿತ್ತು. ಮುಖಪುಟದ ಆ ಇಬ್ಬರು ಹೂವಿನ ಕೆಳಗೂ ಒಬ್ಬರನ್ನೊಬ್ಬರು ಬಿಟ್ಟಿರಲಿಲ್ಲ. ಹಿಲರಿ ಅದನ್ನು ಕಂಡು ಕಿಟಕಿಯ ಆಚೆಗಿನ ಮರ ನೋಡತೊಡಗಿದ.

"ಮೊದಲು ಆ ಮಣ್ಣು ಮಾಡಿದ ಭಾಗ ಓದು," ಎಂದರು ಸುಶೀಲಮ್ಮ.

ಭಾರ್ಗವಿ ಓದಿದಳು. ದಾರಿಯ ನಡುವೆ ತೋಡಿದ ಗುಂಡಿ, ಗುರುತಿಲ್ಲದಂತೆ ತಟ್ಟಿದ ಮಣ್ಣು, ಮೇಲೆ ಹಾಯ್ದ ನಲವತ್ತು ಗಾಡಿ. ದನಿ ಎರಡು ಕಡೆ ನಿಂತಿತು. ಯಾರೂ ಅವಸರ ಮಾಡಲಿಲ್ಲ.

"ಮೊದಲನೇ ಗಾಡಿ ಯಾರದ್ದು?"

"ಹ್ಯಾನಾಳದ್ದೇ."

"ಯಾಕೆ ಓಡಿಸಿದ್ಲು?"

"ಅವನನ್ನ ಯಾವುದೂ ಮುಟ್ಟಬಾರದು ಅಂತ."

"ಹ್ಞೂಂ," ಎಂದರು ಸುಶೀಲಮ್ಮ. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಎರಡು ದಿನದಿಂದ ಅದನ್ನೇ ಯೋಚನೆ ಮಾಡ್ತಿದ್ದೆ. ಈಗ ಕೊನೇದು ಓದು. ಏನನ್ನೂ ಹಾರಿಸಬೇಡ. ನೀನು ಹಾರಿಸ್ತಿದ್ದದ್ದೂ ನನಗೆ ಗೊತ್ತು."

ಭಾರ್ಗವಿ ಕಿವಿಯವರೆಗೂ ಕೆಂಪಾಗಿ ಕೊನೆಯ ಅಧ್ಯಾಯ ಓದಿದಳು. ಹ್ಯಾನಾ ಉತ್ತರ ಹೇಳದೆ ಎದ್ದು ಹೋಗಿ, ಮಿಸ್ಸೌರಿಯಿಂದ ತಂದ ತನ್ನ ಕಬ್ಬಿಣದ ಕೆಟಲನ್ನು ಎತ್ತಿ, ಸೈಲಸ್‌ನ ಗಾಡಿಯೊಳಗೆ ಅವನ ಗರಗಸದ ಪಕ್ಕ ಇಟ್ಟಳು. ಮದುವೆಯಾಯಿತು, ಕತೆ ಮುಗಿಯಿತು. ಪುಸ್ತಕ ಮುಚ್ಚಿದಾಗ ನೇಹಾ ಚಪ್ಪಾಳೆ ತಟ್ಟಿದಳು. ಪುರಾಣಕ್ಕೆ ಚಪ್ಪಾಳೆ ತಟ್ಟುವುದಿಲ್ಲವೆಂದು ಅಜ್ಜಿ ಗದರಿದರು.

ಆಮೇಲೆ ಅವರು ತಟ್ಟೆ ತರಿಸಿದರು. ತೆಂಗಿನಕಾಯಿ, ಬಾಳೆಹಣ್ಣು, ಪಾರ್ಕ್‌ಲ್ಯಾಂಡ್ಸ್‌ನ ಅಂಗಡಿಯಿಂದ ತರಿಸಿದ ಬಾಡಿದ ವೀಳ್ಯದೆಲೆ, ಒಂದು ರವಿಕೆ ಕಣ. ಪಕ್ಕದಲ್ಲಿ ಕುಂಕುಮದ ಭರಣಿ. ಭಾರ್ಗವಿ ಅದನ್ನೇ ನೋಡಿದಳು. ಮೂರು ವರ್ಷದಿಂದ ಯಾರ ಮನೆಯ ಹಬ್ಬದಲ್ಲೂ ಆ ಭರಣಿ ಅವಳ ಮುಂದೆ ಬಂದಿರಲಿಲ್ಲ. ಪಕ್ಕದವಳವರೆಗೆ ಬಂದು ಅವಳನ್ನು ದಾಟಿ ಹೋಗುತ್ತಿತ್ತು.

"ಬಾ ಇಲ್ಲಿ. ಓದಿದವರನ್ನ ಬರಿಗೈಲಿ ಎಬ್ಬಿಸಬಾರದು," ಎಂದರು ಸುಶೀಲಮ್ಮ. ಕಾಣದ ಕಣ್ಣಿಗೆ ಹಣೆ ಎಲ್ಲಿದೆಯೆಂದು ಎಡಗೈಯಲ್ಲಿ ಸವರಿ ನೋಡಿಕೊಂಡು ಬಲಗೈಯಿಂದ ಕುಂಕುಮ ಇಟ್ಟರು. ಅರ್ಧ ಮೂಗಿನ ಮೇಲೆ ಉದುರಿತು. ಭಾರ್ಗವಿ ಅವರ ಮಡಿಲಲ್ಲಿ ಮುಖವಿಟ್ಟಳು. ಅವಳ ಬೆನ್ನು ಸವರುತ್ತಲೇ ಮುದುಕಿ ಇನ್ನೊಂದು ದಿಕ್ಕಿಗೆ ತಿರುಗಿ ಮಾತಾಡಿದರು.

"ಹಿಲರಿ, ಇದ್ದೀಯೇನಪ್ಪ?"

"ಇದ್ದೇನೆ ಅಮ್ಮ."

"ಈ ಅಡುಗೆಮನೆಗೆ ಮೀನು ಬರಕೂಡದು. ನಿನ್ನ ಅಡುಗೆಮನೆ ವಿಷಯ ನಿನ್ನದು."

"ಆಯ್ತಮ್ಮ."

"ಆ ಫೋಟೋ ಆ ಗೋಡೇಲೇ ಇರತ್ತೆ."

"ಅದು ಅಲ್ಲೇ ಇರಬೇಕು ಅಮ್ಮ," ಎಂದ ಹಿಲರಿ.

ಪಾಯಸ ಎಲ್ಲರಿಗೂ ಆಯಿತು. ಹೊರಡುವ ಹೊತ್ತಿಗೆ ಅವನಿಗಾಗಿ ಇನ್ನಷ್ಟು ಹಾಕಿಕೊಡಲು ಭಾರ್ಗವಿ ಅಡುಗೆಮನೆಗೆ ಹೋದಳು. ಗೋಡೆ ಹಿಡಿದುಕೊಂಡು ಸುಶೀಲಮ್ಮನೂ ಹಿಂದೆಯೇ ಬಂದರು. ಶೆಲ್ಫಿನ ಡಬ್ಬಿಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು. ಉಡುಗೊರೆ ಬಂದ ಪಾತ್ರೆಗಳಿಗೆಲ್ಲ ಹೆಸರು ಕೊರೆಸುವ ಕಾಲದವು ಅವು. ನಾಲ್ಕನೆಯದರ ಮೇಲೆ ಬೆರಳು ನಿಂತಿತು. 'ಚಿ. ಅನಂತನ ಉಪನಯನಕ್ಕೆ' ಎಂಬ ಅಕ್ಷರಗಳನ್ನು ಅವರು ಎರಡು ಸಲ ಓದಿಕೊಂಡರು.

"ಇದರಲ್ಲಿ ಹಾಕು," ಎಂದರು.

ಭಾರ್ಗವಿ ತುಂಬಿಸಿ, ಮುಚ್ಚಳ ಒತ್ತಿ, ಬಾಗಿಲಲ್ಲಿ ನಿಂತಿದ್ದ ಹಿಲರಿಯ ಕೈಗೆ ಕೊಟ್ಟಳು. ಇನ್ನೂ ಬೆಚ್ಚಗಿತ್ತು. ಅವನು ಎರಡೂ ಕೈಯಲ್ಲಿ ಹಿಡಿದು, ಎಂದಿನ ಅಭ್ಯಾಸದಂತೆ, "ನಾಳೆ ತೊಳೆದು ತರುತ್ತೇನೆ," ಎಂದ.

"ತರೋದು ಬೇಡ," ಎಂದಳು ಭಾರ್ಗವಿ. "ನಿಮ್ಮ ಮನೇಲೇ ಇರಲಿ."